ಕೆರೆಯ ತೂಬಿನಿಂದ ಕೈತಪ್ಪಿದ ಮೆಡಲ್

ಆರನೇ ಕಿಲೋಮೀಟರಿನಲ್ಲಿ ಮುನಿರಾಜಣ್ಣ ಎದುರಾದರು. ಅಲ್ಲಿಗೆ ನನ್ನ ಓಟ ಕೆಟ್ಟಿತು. ಆದರೆ ಅದು ನನಗೆ ಗೊತ್ತಾಗಿದ್ದು ಹತ್ತನೇ ಕಿಲೋಮೀಟರಿನಲ್ಲಿ.

ಕಳೆದ ಭಾನುವಾರ ದೇವನಹಳ್ಳಿಯ ಹತ್ತಿರ ನಡೆದ ಟೆನ್ ಕೆ ಓಟ ಅದು. ನಿವೃತ್ತ ಹೈಸ್ಕೂಲ್ ಮೇಷ್ಟ್ರಾದ ನನಗೆ ಜೀವನದ ಮೊದಲ ರೇಸು. ಒಂದೂವರೆ ಗಂಟೆಯೊಳಗೆ ಮುಗಿಸಿದವರಿಗೆ ಮಾತ್ರ ಮೆಡಲ್.

ಆ ಮೆಡಲ್ ನೇತುಹಾಕಲು ಮನೆಯ ಹಾಲ್‌ನ ಗೋಡೆಗೆ ಹಿಂದಿನ ದಿನವೇ ಮೊಳೆ ಹೊಡೆದಿದ್ದೆ. "ಮೊದ್ಲು ತಗೊಂಡ್ ಬನ್ರೀ, ಆಮೇಲೆ ಹೊಡೀರಂತೆ" ಅಂದಳು ಹೆಂಡತಿ ಸುಶೀಲ. ಆದರೆ ನೆಂಟರ ವಾಟ್ಸಾಪ್ ಗುಂಪಿನಲ್ಲಿ ಮೊಳೆಯ ಫೋಟೋ ಹಾಕಿಯಾಗಿತ್ತು...

ಕೈಯಲ್ಲಿ ಮಗಳು ಕೊಡಿಸಿದ ಹೊಸ ವಾಚು. ಎಷ್ಟು ದೂರ, ಎಷ್ಟು ಹೊತ್ತು, ಎದೆ ನಿಮಿಷಕ್ಕೆ ಎಷ್ಟು ಸಲ ಬಡಿಯಿತು, ಎಲ್ಲ ತೋರಿಸುತ್ತದೆ.

ಮೂವತ್ತೈದು ವರ್ಷ ಮಕ್ಕಳಿಗೆ ತಲೆ ಎತ್ತಿ ನಡೆಯಿರಿ ಎಂದು ಹೇಳಿದವನು, ತಲೆ ತಗ್ಗಿಸಿ ಮಣಿಕಟ್ಟನ್ನೇ ನೋಡುತ್ತ ಓಡಿದೆ. ಆರನೇ ಕಿಲೋಮೀಟರಿಗೆ ಸ್ವಲ್ಪ ಮೊದಲು ರಸ್ತೆಯ ಹಂಪ್ ಕಾಣದೆ ಎಡವಿ ಬೀಳುವುದರಲ್ಲಿದ್ದೆ.

ಆ ಹಂಪ್ ಹಾಕಿದವರ ವಿರುದ್ಧ ಪತ್ರಿಕೆಗೆ ಬರೆಯಬೇಕಾದ ಪತ್ರವನ್ನು ಓಡುತ್ತಲೇ ಮನಸ್ಸಿನಲ್ಲಿ ಬರೆದು ಮುಗಿಸಿದೆ. ಪತ್ರಿಕೆಗಳಿಗೆ ಪತ್ರ ಬರೆಯುವುದು ನನ್ನ ಹಳೆಯ ಚಟ.

ಆಗ ಬಂದರು ಮುನಿರಾಜಣ್ಣ. ನಮ್ಮೂರಿನವರೇ, ಒಂದು ಕಾಲದಲ್ಲಿ ಗದ್ದೆ, ಚಕ್ಕೋತದ ತೋಟ ಎರಡೂ ಇದ್ದವರು. ಹಾಲಿನ ಕ್ಯಾನ್ ಕಟ್ಟಿದ ಮೊಪೆಡ್ ನಿಲ್ಲಿಸಿ ಕೂಗಿದರು.

"ಏನ್ ಮೇಷ್ಟ್ರೇ, ಯಾರ್ ಅಟ್ಟಿಸ್ಕೊಂಡ್ ಬತ್ತಾವ್ರೆ?"

ನಮ್ಮ ಕಡೆ ಹಿರಿಯರು ಮಾತಾಡಿಸಿದರೆ ನಿಲ್ಲದೆ ಹೋಗುವಂತಿಲ್ಲ. ಹೋದರೆ, ಪೆನ್ಷನ್ ಬಂದ ಮೇಲೆ ಮೇಷ್ಟ್ರಿಗೆ ಕೊಬ್ಬು ಬಂತು ಎಂದು ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ನಿಂತೆ.

ಅರ್ಧ ನಿಮಿಷದಲ್ಲಿ ಹೊರಟುಬಿಡುತ್ತಿದ್ದೆ. ಆದರೆ ಅವರ ಹಿಂದೆ ಒಂದು ದೊಡ್ಡ ಬೋರ್ಡು. ಕೆರೆಗೆ ಮುಖ ಮಾಡಿದ ವಿಲ್ಲಾಗಳಂತೆ, ನೀಲಿ ನೀರಿನ ಚಿತ್ರ ಬೇರೆ.

ಕೆರೆ ಎಲ್ಲಿದೆ? ಅದನ್ನು ಮುಚ್ಚಿಯೇ ವಿಲ್ಲಾ ಕಟ್ಟಿದ್ದು! ಏರ್‌ಪೋರ್ಟ್ ಬರುವುದಕ್ಕೆ ಎಷ್ಟೋ ವರ್ಷ ಮೊದಲು ನಾನು ಈಜು ಕಲಿತದ್ದು ಆ ಕೆರೆಯಲ್ಲಿ.

"ನೋಡಿ ಮುನಿರಾಜಣ್ಣ, ಕೆರೆ ನುಂಗಿ ಕೆರೆ ಚಿತ್ರ ಹಾಕಿದ್ದಾರೆ. ಗದ್ದೆಗೆ ನೀರು ಬಿಡೋ ತೂಬು ಇದ್ದಿದ್ದು ಇಲ್ಲೇ, ಈ ವಿಲ್ಲಾ ಗೇಟಿನ ಹತ್ರ" ಎಂದೆ.

"ಅಯ್ಯೋ ಬುಡಿ ಮೇಷ್ಟ್ರೇ, ಗೇಟಿನತ್ರ ಎಲ್ಲಿತ್ತು? ಆ ಟ್ರಾನ್ಸ್‌ಫಾರ್ಮರ್ ತಾವ ಇತ್ತು."

"ಅಲ್ಲಿ ಹುಣಸೆಮರ ಇತ್ತು ಕಣ್ರೀ!"

"ನನ್ ಗದ್ದೆಗ್ ನೀರ್ ಬಿಟ್ಕೊಂಡಿದ್ ನಾನು. ನಂಗೇ ಹೇಳ್ಕೊಡ್ತೀರಾ?"

ಕಡ್ಡಿ ತೆಗೆದುಕೊಂಡು ರಸ್ತೆ ಬದಿಯ ಮಣ್ಣಿನಲ್ಲಿ ಕೆರೆ ಏರಿಯ ನಕ್ಷೆ ಬರೆದೆ. ಅವರು ಅದನ್ನು ಕಾಲಿನಿಂದ ಅಳಿಸಿ ತಮ್ಮದು ಬರೆದರು. ಕೈಯಲ್ಲಿ ವಾಚು ಗುರ್ ಗುರ್ ಎಂದು ನಡುಗುತ್ತಿತ್ತು. ನನ್ನ ಪಕ್ಷ ವಹಿಸುತ್ತಿದೆ ಅಂದುಕೊಂಡೆ.

ಕೊನೆಗೆ "ನಮ್ಮವ್ವನ್ನೇ ಕೇಳ್ತೀನಿ ತಡೀರಿ" ಎಂದು ಮುನಿರಾಜಣ್ಣ ಮೊಪೆಡ್ ಹತ್ತಿದರು.

ವಾಚು ನೋಡುತ್ತೇನೆ, ಓಟ ಶುರುವಾಗಿ ಬರೀ ಐವತ್ತು ನಿಮಿಷ! ಜೀವನದಲ್ಲಿ ಮೊದಲ ಸಲ ಚುಟುಕಾಗಿ ಮಾತಾಡಿ ಮುಗಿಸಿದ್ದೇನೆ ಎಂದು ಹೆಮ್ಮೆಯಾಯಿತು. ಮಿಕ್ಕ ನಾಲ್ಕು ಕಿಲೋಮೀಟರು ನೆಮ್ಮದಿಯಾಗಿ ಓಡಿದೆ.

ಫಿನಿಷ್ ಲೈನ್ ದಾಟಿದಾಗ ವಾಚಿನಲ್ಲಿ ಒಂದು ಗಂಟೆ ಇಪ್ಪತ್ತೈದು ನಿಮಿಷ. ನೋಡಿದರೆ, ಮೆಡಲ್ ಇಟ್ಟಿದ್ದ ಟೇಬಲ್ಲಿನ ಬಟ್ಟೆಯನ್ನು ಮಡಚುತ್ತಿದ್ದಾರೆ.

"ಟೈಮ್ ಮುಗೀತು ಅಂಕಲ್. ಒಂದು ಗಂಟೆ ಮೂವತ್ತೆಂಟು ನಿಮಿಷ ಆಗಿದೆ" ಎಂದಳು ವಾಲಂಟಿಯರ್ ಹುಡುಗಿ.

ನನ್ನೊಳಗಿನ ಜವಾಬ್ದಾರಿಯುತ ನಾಗರಿಕ ಎದ್ದು ಕೂತ. "ನಿಮ್ಮ ಗಡಿಯಾರ ಸರಿ ಇಲ್ಲ ತಾಯೀ. ಇದು ಉಪಗ್ರಹದಿಂದ ಬರೋ ಲೆಕ್ಕ!" ಎಂದು ಕೈ ಚಾಚಿದೆ. ದೂರು ಪುಸ್ತಕ ತನ್ನಿ ಎಂದೆ. ಓಟಕ್ಕೆಲ್ಲ ದೂರು ಪುಸ್ತಕ ಇರುವುದಿಲ್ಲವಂತೆ.

ಅವಳು ವಾಚಿನ ಮೇಲೆ ಬೆರಳು ಆಡಿಸಿ ನಗು ತಡೆದುಕೊಂಡಳು. "ಅಂಕಲ್, ಆಟೋ ಪಾಝ್ ಆನ್ ಇದೆ. ನೀವು ನಿಂತ್ರೆ ಇದರ ಟೈಮೂ ನಿಂತ್ಬಿಡುತ್ತೆ. ಮಧ್ಯೆ ಹದಿಮೂರು ನಿಮಿಷ ನಿಂತಿದ್ದೀರಾ. ಯಾಕೆ, ಹುಷಾರು ತಪ್ಪಿತ್ತಾ?"

ಏನು ಹೇಳಲಿ? ತೂಬು ಹುಡುಕುತ್ತಿದ್ದೆ ಎಂದರೆ, ತೂಬು ಎಂದರೇನು ಎಂಬಲ್ಲಿಂದ ಶುರು ಮಾಡಬೇಕು. ಅದಕ್ಕೆ ಇನ್ನೊಂದು ಹದಿಮೂರು ನಿಮಿಷ.

ಮನೆಗೆ ಬಂದ ಮೇಲೆ ಸುಶೀಲ ಫೋನಿನಲ್ಲಿ ಇಡೀ ದಿನದ ಎದೆಬಡಿತದ ಗ್ರಾಫ್ ತೆಗೆದಳು.

"ಓಡೋವಾಗ ನೂರ ನಲವತ್ತೆರಡು. ನಿಂತ್ಕೊಂಡಾಗ ನೂರ ಅರವತ್ತೆಂಟು! ಓಡೋದ್ರಿಂದ ನಿಮ್ಗೇನೂ ಆಗಲ್ಲ ಬಿಡಿ. ಎಲ್ಲೂ ನಿಲ್ಬೇಡಿ, ಅಷ್ಟೇ."

ಆಮೇಲೆ ತರಕಾರಿ ಚೀಲ ತಂದು ನನ್ನ ಮೊಳೆಗೆ ನೇತುಹಾಕಿದಳು.

ಸಂಜೆ ಮುನಿರಾಜಣ್ಣನ ಫೋನು. ಈ ಒಂದು ಗೆಲುವಾದರೂ ನನ್ನದಾಗಲಿ ಎಂದು ಎತ್ತಿಕೊಂಡೆ.

"ಮೇಷ್ಟ್ರೇ, ಅವ್ವನ್ ಕೇಳ್ದೆ. ನಾವಿಬ್ರೂ ತಪ್ಪಂತೆ. ಆ ರಸ್ತೇಲಿ ಹೊಸ್ದಾಗಿ ಹಂಪ್ ಹಾಕವ್ರಲ್ಲ, ಅದ್ರ ಕೆಳ್ಗೇ ಇತ್ತಂತೆ ತೂಬು."

ಊರಿನ ಕೆರೆಗಳೆಲ್ಲ ನನ್ನ ನೆನಪಿನಲ್ಲಿವೆ ಎಂದು ಪತ್ರಿಕೆಗೆ ಬರೆಯುವವನು ನಾನು. ಆ ತೂಬಿನ ಮೇಲೆಯೇ ಎಡವಿದೆ. ಆಗಲೂ ವಾಚು ನೋಡುತ್ತಿದ್ದೆ...

ನಿಮ್ಮೂರ ಕೆರೆಯ ತೂಬು ಎಲ್ಲಿತ್ತು, ನೆನಪಿದೆಯೇ? ನಿಂತುಕೊಂಡು ಯೋಚಿಸಬೇಡಿ.