ಅಕ್ಕ ಇಳಿಯದ ಸರೋವರ

ಸ್ಲೊವೇನಿಯಾದ ಕಾಡಿನ ನಡುವಿನ ಆ ಸರೋವರದಲ್ಲಿ ಅಕ್ಕನನ್ನು ನೀರಿಗೆ ಕರೆದಿದ್ದೆನೋ ಇಲ್ಲವೋ, ಖಚಿತವಾಗಿ ಹೇಳಲಾರೆ. ವಿದೇಶಗಳಲ್ಲಿ ನಾನು ಈಜಿದ ಜಾಗಗಳಲ್ಲೆಲ್ಲ ಹೆಚ್ಚು ಇಷ್ಟವಾದದ್ದು ಅದೇ. ನಾನು ಕರೆದೆ, ಅವಳೇ ಒಪ್ಪಲಿಲ್ಲ ಎಂದುಕೊಂಡಿದ್ದೆ. ಮೊನ್ನೆ ಮುಂಬೈಯ ಲೋಕಲ್ ರೈಲು ಭಾಂಡುಪ್ ದಾಟುವಾಗ ಅವಳಿಗೆ ಹಾಗೆಯೇ ಹೇಳಿದೆ.

“ಎಲ್ಲಿ ಕರೆದದ್ದು ಮಾರಾಯ? ಮೊಸಳೆ ಉಂಟಾ ಅಂತ ಕೇಳಿದೆ. ನೀನೂ ಆ ದೋಣಿಯವನೂ ಸೇರಿ ನಗಾಡಿದಿರಿ. ನಾನು ದಡದಲ್ಲೇ ಕೂತೆ.”

ರಜೆಗೆ ಹೋದಾಗ ಊರಿನ ಹೊಳೆಯಲ್ಲಿ ನನಗೆ ಈಜು ಕಲಿಸಿದವಳು ಅವಳು. ಆದರೆ ನಾವು ಬೆಳೆದದ್ದು ಭಾಂಡುಪ್‌ನ ಚಾಳಿನ ಒಂದು ಕೋಣೆಯಲ್ಲಿ. ಗುಡ್ಡದಾಚೆಯ ವಿಹಾರ್ ಕೆರೆಗೆ ಇಳಿದರೆ ಮೊಸಳೆ ಎಳೆಯುತ್ತದೆ ಎಂದು ಅಪ್ಪ ಹೇಳುತ್ತಿದ್ದರು. ಅವಳು ನಂಬಿದಳು. ನಾನು ಕಾಲೇಜಿಗೆ ಹೋದ ಮೇಲೆ ಅದನ್ನು ಮಕ್ಕಳನ್ನು ಹೆದರಿಸುವ ಕತೆ ಎಂದು ತಳ್ಳಿಹಾಕಿದೆ.

“ಇನ್ನೊಮ್ಮೆ ಆ ಸರೋವರಕ್ಕೆ ಹೋಗುವ ಅಕ್ಕ,” ಎಂದೆ.

“ಹೋಗಿ ಎಂತ ಮಾಡುವುದು? ಹಾರ್ಟ್ ಆಪರೇಷನ್ ಆದವಳನ್ನು ಡಾಕ್ಟರು ತಣ್ಣೀರಿಗೆ ಬಿಡ್ತಾರಾ? ನಿನ್ನ ಚಡ್ಡಿ ಕಾಯಲಿಕ್ಕೆ ಬರಬೇಕಾ ನಾನು?” ಎಂದು ನಕ್ಕು ಅವಳು ಕಿಟಕಿಯತ್ತ ತಿರುಗಿದಳು.

ನಿನ್ನೆ ನಾನೊಬ್ಬನೇ ವಿಹಾರ್ ಕಡೆಗೆ ಹೋದೆ. ಕಾವಲುಗಾರ ಕೈ ತೋರಿದಲ್ಲಿ, ನೀರಂಚಿನ ಕೆಸರಿನ ಮೇಲೆ, ಮೊಸಳೆಯೊಂದು ಬಾಯಿ ತೆರೆದುಕೊಂಡು ಬಿಸಿಲಿಗೆ ಮೈ ಕಾಯಿಸಿಕೊಳ್ಳುತ್ತಿತ್ತು.