ಜಾಲಿ ಹರಾಜು ನಿಂತ ದಿನ

ಜಾಲಿ ಹೂವಿಗೆ ವಾಸನೆ ಇದೆ ಎಂದರೆ ನನ್ನ ಸೊಸೆ ನಂಬುವುದಿಲ್ಲ. ಮೊನ್ನೆ ನವಲಗುಂದದಿಂದ ಬರುವಾಗ ಬಸ್ಸು ಹಳ್ಳದ ಬಾಜು ಕೆಟ್ಟು ನಿಂತಿತು. ಕಿಟಕಿಯಿಂದ ಆ ಹಳದಿ ಹೂವಿನ ಸಣ್ಣ ಸಿಹಿ ವಾಸನೆ ಬಂತು. ಜನ ಡ್ರೈವರನನ್ನು ಬಯ್ಯುತ್ತಿದ್ದರು. ನಾನು ಅಕ್ಕಾರನ್ನು ನೆನೆಸುತ್ತ ಕೂತಿದ್ದೆ...

ಎಂಬತ್ತರ ದಶಕದ ಮೊದಲ ವರ್ಷಗಳವು. ನಾನು ದುಮ್ಮವಾಡದ ಕಡೆಯವಳು. ಅಲ್ಲಿ ಮನೆ ದಾಟಿದರೆ ಗಿಡಮರ, ಮರೆಗೇನೂ ಬರವಿರಲಿಲ್ಲ. ಮದುವೆಯಾಗಿ ಬಂದದ್ದು ನವಲಗುಂದ ಸೀಮೆಯ ಎರಿ ಹೊಲದ, ಕರಿಮಣ್ಣಿನ ಊರಿಗೆ. ಎಲ್ಲೋ ದೂರದಲ್ಲಿ ನಿಂತ ಎಮ್ಮೆಯೂ ಕಣ್ಣಿಗೆ ಬೀಳುವಂಥ ಬಯಲು. ಹೆಂಗಸರು ಬಯಲುಕಡೆಗೆ ಹೋಗಲಿಕ್ಕೆ ಊರ ಹೊರಗಿನ ಜಾಲಿಕಂಟಿಯೊಂದೇ ಮರೆ. ಅದೂ ನಸುಕಿನಲ್ಲಿ, ಇಲ್ಲವೇ ಹೊತ್ತು ಮುಳುಗಿದ ಮೇಲೆ. ನಾನಂತೂ ಹಗಲು ನೀರು ಕುಡಿಯುವುದನ್ನೇ ಬಿಟ್ಟಿದ್ದೆ, ಬಸುರಿಯಾದ ಮೇಲೂ.

ಅಕ್ಕಾರು ಧಾರವಾಡದ ಒಂದು ಸಂಸ್ಥೆಯಿಂದ ನಮ್ಮೂರಲ್ಲಿ ಬಾಲವಾಡಿ ತೆರೆಯಲು ಬಂದವರು. ಹೆಗಲಿಗೊಂದು ಚೀಲ, ಗಂಡಸರಂತೆ ಬಿರಬಿರನೆ ನಡಿಗೆ. ನಮ್ಮ ಪಡಸಾಲೆಯಲ್ಲೇ ಉಳಿದಿದ್ದರು, ನಸುಕಿನಲ್ಲಿ ನಮ್ಮ ಜೊತೆಗೇ ತಂಬಿಗೆ ಹಿಡಿದು ಬರುತ್ತಿದ್ದರು. ಆಗಲೇ ಪಂಚಾಯ್ತಿಯವರು ಡಂಗುರ ಹೊಡೆಸಿದ್ದು, ಉರುವಲಿಗಾಗಿ ಜಾಲಿಕಂಟಿಯ ಹರಾಜು ಇದೆ ಎಂದು. ಇದ್ದೊಂದು ಮರೆಯೂ ಹೋಗುವುದಿತ್ತು. ಆದರೆ ಬೇಡವೆಂದು ಹೇಳುವವರು ಯಾರು, ಯಾವ ಬಾಯಿಂದ?

ಅಕ್ಕಾರಿಗೆ ತಡೆಯಲಾಗಲಿಲ್ಲ. ಚಾವಡಿಗೆ ಹೋಗಿ, "ಜಾಲಿ ಕಡಿದ್ರ ನಿಮ್ಮ ಹೆಣ್ಣಮಕ್ಕಳು ಬಯಲಕಡಿ ಎಲ್ಲಿಗೆ ಹೋಗಬೇಕ್ರಿ?" ಎಂದು ಕೇಳೇಬಿಟ್ಟರು. ಗಂಡಸರು ಗೊಳ್ಳೆಂದು ನಕ್ಕರು. ಆ ನಗೆ ಮನೆಮನೆಗೂ ಮುಟ್ಟಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನಮಗೆ. ಆಮೇಲೆ ಒಬ್ಬ ಹೆಂಗಸೂ ಅವರ ಜೊತೆ ಮಾತಾಡಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಚೀಲ ಎತ್ತಿಕೊಂಡು ಬಸ್ಸು ಹತ್ತುತ್ತಿದ್ದರು. ಇವರು ಅಡುಗೆಮನೆಗೆ ಬಂದು ನಮ್ಮ ಅತ್ತೆಯ ಎದುರು ಕುಕ್ಕರಿಸಿದರು.

"ತಪ್ಪಾತ್ರಿ ಅವ್ವಾರ. ಅದು ನಾ ಹೇಳೂ ಮಾತಲ್ಲ."

ಅತ್ತೆ ರೊಟ್ಟಿ ಬಡಿಯುತ್ತಲೇ ಇದ್ದರು. "ನಾವೂ ಹೇಳೂದಿಲ್ಲ. ಬಾಯಿ ಬಿಟ್ಟು ಹೇಳೂ ಮಾತೇನ ಅದು?"

"ಬಾಯಿ ಬಿಡಬ್ಯಾಡ್ರಿ. ಬರೇ ಬಂದು ನಿಂದರ್ರಿ."

ಅತ್ತೆಯ ಕೈ ನಿಂತಿತು. ಮೂಲೆಯಲ್ಲಿದ್ದ ತಂಬಿಗೆಯತ್ತ ನೋಡಿ ಮುಸಿಮುಸಿ ನಕ್ಕರು.

ನಮ್ಮೂರಲ್ಲಿ ಒಂದು ಪದ್ಧತಿ ಇತ್ತು. ತಂಬಿಗೆ ಹಿಡಿದು ಹೊರಟ ಹೆಂಗಸನ್ನು ಎಲ್ಲಿಗೆಂದು ಕೇಳಬಾರದು. ಎದುರು ಬಂದ ಗಂಡಸು, ಎಷ್ಟೇ ದೊಡ್ಡವನಿರಲಿ, ಅವಳು ದಾಟಿ ಹೋಗುವ ತನಕ ಮುಖ ಆಚೆ ತಿರುಗಿಸಿ ನಿಲ್ಲಬೇಕು. ಅತ್ತೆಗೆ ಹೊಳೆದ ತಂಬಿಗೆಯ ಉಪಾಯವನ್ನು ಅಕ್ಕಾರು ಅಡುಗೆಮನೆಯಿಂದ ಅಡುಗೆಮನೆಗೆ ಹೊತ್ತುಕೊಂಡು ತಿರುಗಿದರು. ಊರಾಚೆಯ ಕೇರಿಯ ಹೆಂಗಸರೂ ನಮ್ಮ ಜೊತೆಗೇ ನಿಲ್ಲಬೇಕು ಎಂದು ಪಟ್ಟು ಹಿಡಿದರು. ಕೆಲವರು ಮೂಗು ಮುರಿದರು. "ಜಾಲಿಕಂಟಿ ಎಲ್ಲಾರಿಗೂ ಒಂದರಿ" ಎಂದರು ಅಕ್ಕಾರು. ಮೂಗು ಮುರಿದವರೂ ಬರುತ್ತೇವೆಂದರು.

ಹರಾಜಿನ ದಿನ ಮಟಮಟ ಮಧ್ಯಾಹ್ನ, ಓಣಿ ಓಣಿಗಳಿಂದ ಹೆಂಗಸರು ಹೊರಟೆವು. ತಲೆ ತುಂಬ ಸೆರಗು, ಕೈಯಲ್ಲಿ ನೀರು ತುಂಬಿದ ತಂಬಿಗೆ. ಚಾವಡಿಯ ಮುಂದೆ ಬಂದು ಸುಮ್ಮನೆ ನಿಂತೆವು. ಕಟ್ಟೆಯ ಮೇಲಿದ್ದವರು ರೂಢಿಯಂತೆ ಮುಖ ತಿರುಗಿಸಿದರು. ನಾವು ದಾಟಿ ಹೋಗಲಿಲ್ಲ. ಹರಾಜು ಕೂಗುವವನು ಗೋಡೆ ನೋಡುತ್ತ ನಿಂತ. ಹಣ ತಂದಿದ್ದ ವ್ಯಾಪಾರಿಯೂ ಗೋಡೆ ನೋಡುತ್ತ ನಿಂತ. ಗೋಡೆಗೆ ಮುಖ ಮಾಡಿ ಯಾರು ತಾನೇ ಹರಾಜು ಕೂಗಿಯಾರು?

"ಯಾಕ ಬಂದೀರಬೇ?" ಎಂದರು ಪಂಚಾಯ್ತಿ ಚೇರಮನ್ನರು, ಗೋಡೆಗೇ.

"ಹೊಂಟ ಬಂದೇವಿ" ಎಂದರು ಅತ್ತೆ. "ಇನ್ನ ಮ್ಯಾಲ ಎಲ್ಲಿಗೆ ಹೋಗೂಣು ಹೇಳ್ರಿ."

ಚೇರಮನ್ನರು ಓರೆಗಣ್ಣಲ್ಲಿ ಇತ್ತ ನೋಡಿದರು. ಮುಂದಿನ ಸಾಲಲ್ಲೇ ಅವರ ಹಡೆದ ತಾಯಿ ತಂಬಿಗೆ ಹಿಡಿದು ನಿಂತಿದ್ದಳು. ಆ ಮನುಷ್ಯನ ಕಿವಿ ಕೆಂಪಾದದ್ದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

"ಲಿಲಾವ ನಿಂದರಸ್ರಿ" ಎಂದು ಹರಾಜು ಕೂಗುವವನಿಗೆ ಹೇಳಿದರು.

ನಾವು ತಿರುಗಲು ನೋಡಿದೆವು. ಅಕ್ಕಾರು ಹಿಂದಿನಿಂದ ಅತ್ತೆಯ ಕಿವಿಯಲ್ಲಿ, "ಈಗ ನಮಗೊಂದು ಗೋಡಿ ಕಟ್ಟಸ್ರಿ ಅಂತ ಕೇಳ್ರಿ" ಎಂದು ಪಿಸುಗುಟ್ಟಿದರು. ಅತ್ತೆ ಗೋಡೆ ಕೇಳಿದರು, ಬಾಗಿಲು ಕೇಳಿದರು, ನೀರಿನ ತೊಟ್ಟಿಯನ್ನೂ ಕೇಳಿದರು. ಒಂದು ಕೇಳಿ ಬಾ ಎಂದರೆ ಮೂರು ಕೇಳುವ ಹೆಂಗಸು ಅವರು. ಮುಂದಿನ ಮಳೆಗಾಲಕ್ಕೆ ಮುಂಚೆ ನಮ್ಮೂರ ಹೆಂಗಸರಿಗೆಂದೇ ಪಾಯಖಾನೆಯ ನಾಲ್ಕು ಗೋಡೆ ಎದ್ದವು. ಮೊದಲ ದಿನ ನಾನು ಹಾಡುಹಗಲಲ್ಲಿ, ಹೊಟ್ಟೆ ಹೊತ್ತುಕೊಂಡು, ಎಲ್ಲರ ಎದುರಿಗೇ ನಡೆದುಹೋದೆ. ಜಾತ್ರೆಗೆ ಹೊರಟಷ್ಟು ಖುಷಿ... ಮನೆಗೆ ಬಂದು ಆ ಹಗಲಲ್ಲೇ ತುಂಬಿದ ಕೊಡದಿಂದ ನೀರು ಕುಡಿದೆ, ಹೊಟ್ಟೆ ಬಿರಿಯುವಷ್ಟು.

ಆಮೇಲೆ ಅಕ್ಕಾರು ಬಾಲವಾಡಿಯಷ್ಟಕ್ಕೇ ನಿಲ್ಲಲಿಲ್ಲ. ಕುಬಿಹಾಳಕ್ಕೆ ಹೋದರು, ಬಮ್ಮಿಗಟ್ಟಿಗೆ ಹೋದರು, ಸಂಸ್ಥೆಯ ಮುಖ್ಯಸ್ಥರೇ ಆದರು. ಸಾಹೇಬರ ಕಚೇರಿಗೆ ಹೋಗುವಾಗ ಯಾವುದಾದರೂ ಊರಿನ ಹೆಂಗಸರನ್ನು ಮುಂದೆ ಬಿಟ್ಟುಕೊಂಡೇ ಹೋಗುತ್ತಿದ್ದರು. ನನ್ನನ್ನೂ ಕೆಲಸಕ್ಕೆ ಎಳೆದುಕೊಂಡರು. ಬಾಯಿ ಬಾರದ ಸೊಸೆ ಎಂದು ಹೆಸರಾಗಿದ್ದ ನಾನು ಎಷ್ಟೋ ಕಚೇರಿಗಳಲ್ಲಿ ಮೇಜು ಕುಟ್ಟಿದ್ದೇನೆ.

ಹೋದ ತಿಂಗಳು ಅಕ್ಕಾರು ತೀರಿಕೊಂಡ ಸುದ್ದಿ ಬಂತು. ಆ ದಿನ ನಮ್ಮ ಮನೆಯಲ್ಲಿ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಸಂಭ್ರಮ, ಮನೆ ತುಂಬ ಬೀಗರು. ಶುಭದ ದಿನ ಅವರೆದುರು ಅಳುವುದು ಹೇಗೆ? ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡೆ. ಮನಸ್ಸು ಹಗುರಾಗುವ ತನಕ ಅಳುತ್ತ ಕೂತೆ. ಯಾರೂ ಬಾಗಿಲು ಬಡಿಯಲಿಲ್ಲ.