ಚಿಗವ್ವನ ಬೂದಿ ಡಬ್ಬಿ

ನನ್ನ ಅವ್ವನ ತಂಗಿ ಚಿಗವ್ವನ ಬಲಗೈಯ ಹೆಬ್ಬೆರಳು, ತೋರುಬೆರಳು ಯಾವಾಗ ನೋಡಿದರೂ ಬೂದಿ ಬಡಿದುಕೊಂಡಿರುತ್ತಿದ್ದವು. ಅವಳು ಕೊಟ್ಟ ಚಹಾ ಕಪ್ಪಿನ ಕಿವಿಗೆ ಬೂದಿ, ಪ್ರೀತಿಯಿಂದ ಗಲ್ಲ ಹಿಂಡಿದರೆ ಗಲ್ಲಕ್ಕೂ ಬೂದಿ. ರಾಣೆಬೆನ್ನೂರಿನ ನಮ್ಮ ಓಣಿಯಲ್ಲಿ ಯಾರ ಕೈಮಗ್ಗಕ್ಕೆ ಹೊಸ ಹಾಸು, ಅಂದರೆ ಉದ್ದೆಳೆಗಳ ಸಾಲು, ಏರಿದರೂ ಅವಳಿಗೇ ಕರೆ. ನೇಯ್ದು ಮುಗಿದ ಹಾಸಿನ ತುದಿಯಲ್ಲಿ ಉಳಿದ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಬೂದಿಬೆರಳಿನಿಂದ ಹೊಸೆದು ಕೂಡಿಸಬೇಕು. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಚಿಗವ್ವ ಬಾಯಿ ಮುಚ್ಚಿಕೊಂಡು ಕೆಚ್ಚಿದವಳಲ್ಲ. ಅವಳ ಕೆಲಸ ಮುಗಿಯುವುದರೊಳಗೆ ಓಣಿಯ ಒಂದೆರಡು ಲಗ್ನಗಳೂ ಕುದುರಿರುತ್ತಿದ್ದವು. ಕೂಡಿಸಿದ ಎಳೆಯನ್ನು ಮೆಲ್ಲಗೆ ಜಗ್ಗಿ ನೋಡಿ, "ಹಳೇದು ಅತ್ತಿ, ಹೊಸಾದು ಸೊಸಿ. ಜಗ್ಗಿದ್ರ ಬಿಡಬಾರದು" ಎನ್ನುತ್ತಿದ್ದಳು.

ನಾನು ಸ್ವಂತ ಮಗ್ಗ ಹಾಕುತ್ತೇನೆಂದಾಗ ಮನೆಯಲ್ಲಿ ಮೊದಲು ಕುಣಿದವಳು ಅವಳೇ. ಹಾವೇರಿಯ ಬಟ್ಟೆ ಅಂಗಡಿಯಾಕೆ ಕುರ್ತಾದ ಬಟ್ಟೆ ಕೇಳಿದ್ದಳು. ದಸರೆಗೆ ಮುಂಚೆ ಬಂದರಷ್ಟೇ ಮುಂದಿನ ವ್ಯವಹಾರ, ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುವೆ ಎಂದಿದ್ದಳು. ಅದು ತಪ್ಪಿದರೆ ನಾನು ಮತ್ತೆ ಮಂದಿಯ ಹೊಲಿಗೆ ಅಂಗಡಿಗೇ ಕೂಲಿಗೆ ಹೋಗಬೇಕಿತ್ತು. ಹಲಗೇರಿಯಲ್ಲಿ ನೇಯ್ಗೆ ಬಿಟ್ಟ ಮನೆಯೊಂದರಿಂದ ಹಳೆಯ ಮಗ್ಗ ತಂದೆವು. ಪುಣ್ಯಕ್ಕೆ ಅದರ ಹಣಿಗೆಯಲ್ಲಿ, ಎಳೆಗಳು ಹಾಯುವ ಬಾಚಣಿಗೆಯಂಥ ಚೌಕಟ್ಟಿನಲ್ಲಿ, ಹಳೆಯ ಹಾಸಿನ ತುದಿ ಹಾಗೇ ಇತ್ತು, ಕೆಚ್ಚಿದರೆ ಸಾಕಿತ್ತು.

ನನ್ನ ಗಂಡ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಕೆಲಸ ಮಾಡುವವರು, ನೂಲಿನ ಗಂಧ ಇಲ್ಲದವರು. ಹೆಂಡತಿಯ ಹೊಸ ಉದ್ಯೋಗವೆಂಬ ಸಂಭ್ರಮದಲ್ಲಿ ಬೆಳಿಗ್ಗೆ ಎದ್ದವರೇ, ಜೋತುಬಿದ್ದಿದ್ದ ಎಳೆಗಳನ್ನು ಕಸವೆಂದು ಕತ್ತರಿಸಿ ಕಿತ್ತೆಸೆದು, ಮಗ್ಗ ತೊಳೆದು, ಅರಿಸಿನ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿಬಿಟ್ಟಿದ್ದರು.

ಬೂದಿ ಡಬ್ಬಿ ಹಿಡಿದು ಬಂದ ಚಿಗವ್ವನಿಗೆ ಕೂಡಿಸಲು ಒಂದು ಎಳೆಯೂ ಇರಲಿಲ್ಲ. ಇನ್ನು ಹೊಸ ಹಾಸಿನ ಪ್ರತಿ ಎಳೆಯನ್ನೂ ಹಣಿಗೆಯ ಸಂದಿಯಲ್ಲಿ ಹೊಸದಾಗಿ ಪೋಣಿಸಬೇಕು, ದಿನಗಟ್ಟಲೆಯ ಕೆಲಸ. ದಸರೆ ಕೈತಪ್ಪಿತೆಂದು ನನಗೆ ಅಳುವೇ ಬಂತು. ಚಿಗವ್ವ ಮಗ್ಗ ನೋಡಿದಳು, ಮಾಲೆ ನೋಡಿದಳು, ನೆಲಕ್ಕೆ ಕುಸಿದು ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಅಳಿಯಂದ್ರ, ಅತ್ತೀನ್ನ ಮನಿ ಬಿಡಿಸಿ ಕಳಿಸೀರಲ್ಲ! ಈಗ ಸೊಸೀನ್ನ ಒಳಗ ಕರಿಯೂದು ನಿಮ್ಮ ಪಾಳಿ. ಕುಂದ್ರಿ ಇಲ್ಲೆ."

ಅವರು ಹಣಿಗೆಯ ಹಿಂದೆ ಕೂತು ಒಂದೊಂದೇ ಎಳೆ ಕೊಡುವುದು, ಇವಳು ಮುಂದಿನಿಂದ ಕೊಕ್ಕೆಯಲ್ಲಿ ಎಳೆದುಕೊಳ್ಳುವುದು. ಶುರುವಾದ ಸ್ವಲ್ಪ ಹೊತ್ತಿಗೇ ಅವರ ಅಂಗಿಯ ಮೆಣಸಿನಕಾಯಿ ಘಾಟಿಗೆ ಚಿಗವ್ವ ಸೀನಿ, ಎಳೆ ಜಾರಿ, ಅವರನ್ನು ಬಚ್ಚಲಿಗೆ ಅಟ್ಟಿದ್ದಾಯಿತು. ಆಮೇಲೆ ದಿನವೂ ಬ್ಯಾಡಗಿಯಿಂದ ಬಂದವರು ಚಹಾಕ್ಕಿಂತ ಮೊದಲು ಸ್ನಾನ ಮಾಡಿ ಮಗ್ಗದ ಹಿಂದೆ ಕೂರುತ್ತಿದ್ದರು. ಈ ತಮಾಷೆ ನೋಡಲು ಓಣಿಯ ಹೆಂಗಸರು ರೊಟ್ಟಿ ಕಟ್ಟಿಕೊಂಡು ಬರತೊಡಗಿದರು. ನಾನು ಅಷ್ಟು ನಕ್ಕ ದಿನಗಳು ಬೇರೆ ಇಲ್ಲ. ಬಟ್ಟೆ ದಸರೆಗೆ ಮುಂಚೆಯೇ ಹಾವೇರಿ ಮುಟ್ಟಿತು, ಅಂಗಡಿಯಾಕೆ ಇನ್ನಷ್ಟು ಬೇಕೆಂದಳು.

ಆ ಮೊದಲ ಬಟ್ಟೆ ಕತ್ತರಿಸುವಾಗ ಚಿಗವ್ವ ನನ್ನ ಕೈ ಹಿಡಿದಿದ್ದಳು. "ಹಣಿಗ್ಯಾಗ ಗೇಣುದ್ದ ಎಳಿ ಬಿಡವ್ವ. ಇನ್ನ ಈ ಮಗ್ಗ ಬರಿದಾಗಬಾರದು."

ಹೋದ ಬೇಸಿಗೆಯಲ್ಲಿ ಅವಳು ತೀರಿಕೊಂಡಳು. ಡಬ್ಬಿ ನನ್ನ ಪಾಲಿಗೆ ಬಂತು. ಅವಳು ಪೋಣಿಸಿದ ಮೇಲೆ ಆ ಹಣಿಗೆ ಒಮ್ಮೆಯೂ ಬರಿದಾಗಿಲ್ಲ. ಪ್ರತಿ ಹೊಸ ಹಾಸೂ ಹಿಂದಿನದರ ತುದಿಗೆ ಕೂಡುತ್ತಲೇ ಬಂದಿದೆ. ನನ್ನ ಅನ್ನ ಅವಳ ಕೈಯದು.

ಈಗ ನಮ್ಮಲ್ಲಿ ಕೆಚ್ಚುವವರು ನನ್ನ ಗಂಡ, ಸ್ನಾನ ಮಾಡಿಯೇ. ನಿನ್ನೆ ಕೊನೆಯ ಎಳೆ ಕೂಡಿಸಿ, ಜಗ್ಗಿ ನೋಡಿ, "ಅತ್ತಿ ಸೊಸಿ ಕೂಡಿದ್ರು" ಎಂದು ನನ್ನ ಗಲ್ಲ ಹಿಂಡಿದರು. ಬೂದಿ ಅಂಟಿತು. ಸಂಜೆಯವರೆಗೂ ನಾನು ಒರೆಸಿಕೊಳ್ಳಲಿಲ್ಲ.